ಡಿಸ್‌ಪ್ಲೇ ಪೀಸು

ಡಿಸೆಂಬರ್ ಇಪ್ಪತ್ತೇಳು, ಶನಿವಾರ.
ನೆಹರೂ ರೋಡಿನ ಅಂಗಡಿ ಬಾಗಿಲಲ್ಲಿ
ಅರ್ಧ ಗಾಳಿ ಹೋದ ಸಾಂತಾ ಕ್ಲಾಸು
ಬಗ್ಗಿ ಬಗ್ಗಿ ನಮಸ್ಕಾರ ಮಾಡುತ್ತಿದ್ದ.
"ನಮ್ಮ ಹಬ್ಬ ಮುಗೀತು, ಇವರದು ಈಗ ಶುರು" ಅಂದರು
ಅತ್ತೆ, ಕಾರ್ಮಿನ್ ಬಾಯಿ.
ಚಪ್ಪಲಿ ಬಿಡಬೇಕೋ ಬೇಡವೋ ಎಂದು
ಹೊಸಿಲಲ್ಲಿ ಒಂದು ಗಳಿಗೆ ನಿಂತು, ಬಿಟ್ಟೇ ಬಂದರು.

ಒಳಗೆ ಸಾಲು ಸಾಲು ಫ್ರಿಜ್ಜು.
ಬೆಳ್ಳಗಿನವು, ಕಪ್ಪಗಿನವು, ದಾಸವಾಳ ಬರೆಸಿಕೊಂಡ ಕೆಂಪಿನವು,
ಒಂದಕ್ಕಂತೂ ಬೀರುವಿನ ಹಾಗೆ ಎರಡು ಬಾಗಿಲು.
"ಇದರಲ್ಲಿ ಹೆಣ ಇಡಬಹುದು" ಅಂದರು ಅತ್ತೆ, ಜೋರಾಗಿ.
ನಾನು ಆಸ್ಪತ್ರೆಯ ನರ್ಸು; ಬಂದ ನಗು ನುಂಗಿಕೊಂಡೆ.
ಅಂಗಿಗೆ ಲೋಹಿತ್ ಎಂಬ ಬಿಲ್ಲೆ ಚುಚ್ಚಿಕೊಂಡ ಹುಡುಗನ
ಬಾಯಿತುಂಬ ಸ್ಟಾರು, ಇನ್ವರ್ಟರು, ಲೀಟರು.
"ಎಷ್ಟು ಲೀಟರಿಂದು ನೋಡ್ತೀರ ಮೇಡಂ?"

ಹೇಗೆ ಹೇಳುವುದು ಲೆಕ್ಕ.
ಹನ್ನೊಂದು ಕ್ರಿಸ್‌ಮಸ್ಸು, ಗೋಪಾಳದ ಅದೇ ವಠಾರದಲ್ಲಿ.
ಎಡಗಡೆ ಪದ್ಮಕ್ಕನ ಫ್ರಿಜ್ಜು: ಹಾಲು, ದೋಸೆಹಿಟ್ಟು, ಹೂವು ಇಡಬಹುದು,
ಮೊಟ್ಟೆಯ ಹೆಸರೆತ್ತುವ ಹಾಗಿಲ್ಲ.
ಬಲಗಡೆ ಜಬೀನಾಳದು: ಮೊಟ್ಟೆ, ಕೋಳಿ, ಮೀನು, ಎಲ್ಲಕ್ಕೂ ಜಾಗ,
ಹಂದಿಗೆ ಮಾತ್ರ ಇಲ್ಲ. ನಾವು ಕೇಳಿದವರೂ ಅಲ್ಲ.
ಹಾಗಾಗಿ ಹಬ್ಬದ ಮಾಂಸ
ಉಂಡು, ಮತ್ತೆ ಉಂಡು, ಮಿಕ್ಕದ್ದನ್ನು ರಾತ್ರಿ ಕುದಿಸಿ,
ಬೆಳಗ್ಗೆ ಆರಕ್ಕೆ ಕುದಿಸಿ, ಡ್ಯೂಟಿ ಮುಗಿಸಿ ಬಂದು ಕುದಿಸಿ,
ಕೊನೆಗೆ ಹಂದಿಯೋ ಹುಣಿಸೆಯೋ ಗೊತ್ತಾಗದ ಹಾಗೆ.
ಈ ಲೆಕ್ಕಕ್ಕೆ ಎಷ್ಟು ಲೀಟರಪ್ಪ?

ಚಿಕ್ಕದಕ್ಕೂ ಕಂತು ಎಂದ.
ಕಂತು ಅಂದರೆ ಅತ್ತೆಗೆ ಆಗದು.
ಮಾವ ಕಂತಿನಲ್ಲಿ ತಂದ ಹೊಲಿಗೆ ಮಿಷನ್ನನ್ನು
ಕಂತಿನವರೇ ಬಂದು ಹೊತ್ತೊಯ್ದರಂತೆ,
ಸೂಜಿಯಲ್ಲಿ ಪೋಣಿಸಿದ್ದ ದಾರದ ಸಮೇತ.

ಮೂಲೆಯಲ್ಲಿತ್ತು ಅದು. ಬೂದಿ ಬಣ್ಣ,
ಎಡ ಪಕ್ಕೆಯಲ್ಲಿ ಹೋಳಿಗೆಯಷ್ಟಗಲ ತಗ್ಗು.
"ಡಿಸ್‌ಪ್ಲೇ ಪೀಸು ಮೇಡಂ. ವರ್ಷವಿಡೀ ಬಾಗಿಲು ತೆಗೆದು ತೋರಿಸಿದ್ದಷ್ಟೆ,
ಒಂದು ದಿನವೂ ಪ್ಲಗ್ಗು ಹಾಕಿಲ್ಲ."
ಅತ್ತೆ ತಗ್ಗಿನ ಮೇಲೆ ಅಂಗೈ ಇಟ್ಟರು,
ನಾನು ಜ್ವರದವರ ಹಣೆ ಮುಟ್ಟುವ ಹಾಗೆ.
"ಪಾಪ, ವರ್ಷವೆಲ್ಲ ನಿಂತೇ ಇದೆಯಾ,
ಯಾರಿಗೂ ಒಂದು ಲೋಟ ತಣ್ಣೀರು ಕೊಡದೆ."

ಆಮೇಲೆ ಬ್ಯಾಗಿನಿಂದ ಕುಲ್‌ಕುಲ್ ಡಬ್ಬಿ ತೆಗೆದರು.
ಇದು ನನಗೆ ಗೊತ್ತಿರಲಿಲ್ಲ.
ಲೋಹಿತ್ ಮೊದಲು ಬೇಡ ಎಂದ, ಆಮೇಲೆ ಒಂದು, ಆಮೇಲೆ ಒಂದು ಹಿಡಿ.
ಮ್ಯಾನೇಜರೂ ಬಂದು ಕರುಂ ಕರುಂ ಎನಿಸುತ್ತ
ಇನ್ನೂ ಆರುನೂರು ಇಳಿಸಿದರು.
ಸ್ಟೆಬಿಲೈಸರಿಗೆ ಮಾತ್ರ ಒಂದು ಪೈಸೆ ಬಿಡಲಿಲ್ಲ.
ಕುಲ್‌ಕುಲ್ ಮುಗಿದಿತ್ತು.

ಮಲಗಿಸಬಾರದಂತೆ.
ಗೂಡ್ಸ್ ಆಟೋದಲ್ಲಿ ನಿಂತುಕೊಂಡೇ ಬಂತು, ಹಗ್ಗ ಬಿಗಿಸಿಕೊಂಡು.
ಇಗರ್ಜಿಯ ಮುಂದೆ ಅತ್ತೆ ಶಿಲುಬೆಯ ಗುರುತು ಮಾಡಿದರು,
ತಮಗೊಂದು, ಅದಕ್ಕೊಂದು.

ತಗ್ಗನ್ನು ಗೋಡೆಗೆ ತಿರುಗಿಸಬೇಕೆಂದಿದ್ದೆವು.
ಪ್ಲಗ್ ಪಾಯಿಂಟು ಆ ಕಡೆ ಇಲ್ಲ.
ಬಂದವರಿಗೆ ಮೊದಲು ಕಾಣುವುದೇ ಅದು, ಈಗ.
ತರಕಾರಿ ಟ್ರೇಯಲ್ಲಿ ಅಂಗಡಿಯವರು ಮರೆತ ಪ್ಲಾಸ್ಟಿಕ್ ಸೇಬು.

ಪದ್ಮಕ್ಕ ಬಂದು ನೋಡಿದಳು. ಜಬೀನಾ ಬಂದು ನೋಡಿದಳು.
ಇಬ್ಬರೂ ಬಾಗಿಲು ತೆಗೆದು, ಬಗ್ಗಿ, ಸೇಬು ಹಿಚುಕಿ, ಮುಚ್ಚಿದರು.
"ಇನ್ನು ನೀವು ನಮ್ಮನೆ ಕಡೆ ಬರಲ್ಲ ಬಿಡಿ" ಎಂದಳು ಪದ್ಮಕ್ಕ.
ತಮಾಷೆಗೇ ಎಂದಳು.
ಯಾರೂ ನಗಲಿಲ್ಲ.

ಮಾಂಸ ನಿನ್ನೆಯೇ ಮುಗಿದಿತ್ತು, ವಾಡಿಕೆಯಂತೆ.
ಒಳಗಿಡಲು ಸಿಕ್ಕಿದ್ದು ನಾಲ್ಕು ಬಾಟಲಿ ನೀರು,
ಐಸ್ ಟ್ರೇ, ಅರ್ಧ ನಿಂಬೆಹಣ್ಣು.
ರಾತ್ರಿಯೆಲ್ಲ ಅದು ಗುಂಯ್‌ಗುಟ್ಟಿತು, ನಡುನಡುವೆ ಕೆಮ್ಮಿತು.
ವಾರ್ಡಿನಲ್ಲಿ ಕೇಳಿ ಕೇಳಿ ರೂಢಿಯಾದ ಸದ್ದು;
ನನಗೆ ನಿದ್ದೆ ಬಂತು. ಅತ್ತೆಗೆ ಬರಲಿಲ್ಲ.

ಬೆಳಗ್ಗೆ ನೋಡಿದರೆ
ಪದ್ಮಕ್ಕನ ಬಾಗಿಲಿಂದ ಬರುತ್ತಿದ್ದಾರೆ ಅತ್ತೆ,
ಸೆರಗಲ್ಲಿ ಹಿಡಿದ ಸ್ಟೀಲು ಲೋಟದ ತುಂಬ ಐಸು.
"ನಮ್ಮದರಲ್ಲೇ ಆಗಿದೆಯಲ್ಲ" ಅಂದೆ.
"ಹೊಸದು. ಮೊದಲ ನೀರು ಚೆಲ್ಲಬೇಕು" ಅಂದರು,
ಮಡಕೆಯ ಬಗ್ಗೆ ಹೇಳುವ ಹಾಗೆ.